ಕುಡಿಪ್ಪಗ, ಹಗೆ, ದಾಯಾದಿ: ತಲೆಮಾರಿನ ಜಗಳಕ್ಕೆ ಕನ್ನಡದಲ್ಲಿ ಏನಂತೀರಿ?

ಗೆಳೆಯರೊಬ್ಬರು ಮಲಯಾಳಂ ಕಥೆಯೊಂದನ್ನು ಕನ್ನಡಕ್ಕೆ ತರುತ್ತಿದ್ದಾರೆ. ಕೆಲಸ ಸರಾಗವಾಗಿ ನಡೆದಿತ್ತು. ಒಂದು ಪದದ ಹತ್ತಿರ ಬಂದು ಗಾಡಿ ನಿಂತುಬಿಟ್ಟಿದೆ. ಆ ಪದ ‘ಕುಡಿಪ್ಪಗ’. ಬರೆಯುವುದು ಕುಟಿಪ್ಪಕ ಅಂತ, ಕಿವಿಗೆ ಕೇಳುವುದು ಕುಡಿಪ್ಪಗ. ಕುಡಿ ಅಂದರೆ ಮನೆ, ಮನೆತನ. ಪಗ ಅಂದರೆ ಹಗೆ. ಎರಡು ಮನೆತನಗಳ ನಡುವೆ ಅಜ್ಜನ ಕಾಲದಿಂದ ಮೊಮ್ಮಗನ ಕಾಲದವರೆಗೆ ನಡೆದುಬರುವ ಹಗೆ. ಮಲಯಾಳಂನವರಿಗೆ ಇಷ್ಟಕ್ಕೆಲ್ಲ ನಾಲ್ಕೇ ಅಕ್ಷರ ಸಾಕು.

ಗೆಳೆಯರು ಕೇಳಿದ್ದು ಇಷ್ಟೇ. ‘ಇದಕ್ಕೆ ಕನ್ನಡದ್ದೇ ಒಂದು ಪದ ಕೊಡಿ. ದೀರ್ಘಕಾಲದ ಕೌಟುಂಬಿಕ ವೈಷಮ್ಯ ಅಂತ ಮಾತ್ರ ಹೇಳಬೇಡಿ, ಅದು ಪೊಲೀಸರು ಬರೆಯೋ ಕನ್ನಡ.’ ಎರಡು ದಿನ ಕೊಡಿ ಅಂದೆ. ಮೂರು ವಾರ ಆಯಿತು. ಸಿಕ್ಕಿದ್ದನ್ನೆಲ್ಲ ಇಲ್ಲಿ ಸುರಿಯುತ್ತಿದ್ದೇನೆ. ಕೊನೆಗೆ ಒಂದು ಪ್ರಶ್ನೆಯೂ ಇದೆ.

ಮೊದಲು ಫೋನ್ ಮಾಡಿದ್ದು ಸೋದರತ್ತೆಗೆ. ನಮ್ಮದು ತುಮಕೂರು ಕಡೆ. ಊರಲ್ಲಿ ನಮ್ಮ ಮನೆಗೂ ಎರಡು ಮನೆ ಆಚೆ ಇದ್ದ ತಾತನ ದೊಡ್ಡಪ್ಪನ ಮಕ್ಕಳ ಮನೆಗೂ ನಾನು ಹುಟ್ಟುವ ಮುಂಚಿನಿಂದ ಮಾತಿರಲಿಲ್ಲ. ಅವರದು ‘ಮೇಲಿನ ಮನೆ’. ಅದಕ್ಕೆ ನಮ್ಮ ಮನೆಯಲ್ಲಿ ಏನನ್ನುತ್ತಿದ್ದರು ಅಂತ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ.

‘ಅತ್ತೆ, ನಮಗೂ ಮೇಲಿನ ಮನೆಯವರಿಗೂ ಇತ್ತಲ್ಲ, ಅದಕ್ಕೆ ಏನಂತಿದ್ರಿ?’

‘ಏನಂತಿದ್ವಿ? ಅವರಿಗೂ ನಮಗೂ ಆಗಲ್ಲ ಅಂತಿದ್ವಿ.’

‘ಅದಲ್ಲ ಅತ್ತೆ. ಆ ಜಗಳಕ್ಕೆ ಏನು ಹೆಸರು?’

‘ಜಗಳ ಎಲ್ಲಿತ್ತೋ? ಜಗಳ ಆಡಬೇಕಾದ್ರೆ ಮಾತಾಡಬೇಕು. ನಾವು ಮಾತೇ ಬಿಟ್ಟಿದ್ವಲ್ಲ.’

ಅತ್ತೆ ಹೇಳಿದ ಈ ವ್ಯತ್ಯಾಸ ಯಾವ ನಿಘಂಟಿನಲ್ಲೂ ನನಗೆ ಇಷ್ಟು ಚೆನ್ನಾಗಿ ಸಿಕ್ಕಿಲ್ಲ. ಜಗಳ ಅನ್ನುವುದು ಬಾಯಿಯ ಕೆಲಸ. ಅದನ್ನು ‘ಆಡು’ತ್ತೇವೆ, ಮಾತು ಆಡಿದ ಹಾಗೆ, ಆಟ ಆಡಿದ ಹಾಗೆ. ಅದಕ್ಕೆ ಆಯಸ್ಸೂ ಕಮ್ಮಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆಯೇ ಟೈಮು ಕೊಟ್ಟಿದೆ. ಕಾಲು ಕೆರೆದು ಜಗಳಕ್ಕೆ ಬರುವವನೂ ಸಂಜೆಗೆ ಸುಸ್ತಾಗಿ ಮನೆಗೆ ಹೋಗುತ್ತಾನೆ. ಮೂವತ್ತು ವರ್ಷ ನಡೆಯುವುದಕ್ಕೆ ಜಗಳ ಅನ್ನುವ ಪದ ಸಾಲುವುದಿಲ್ಲ.

ಹಾಗಾದರೆ ‘ಆಗಲ್ಲ’? ಇದನ್ನು ನಾವು ದಿನಾ ಹೇಳುತ್ತೇವೆ, ನಿಂತು ನೋಡುವುದಿಲ್ಲ. ‘ಅವರಿಗೂ ನಮಗೂ ಆಗಲ್ಲ’ ಅನ್ನುವ ವಾಕ್ಯದಲ್ಲಿ ಮಾಡಿದವರು ಯಾರೂ ಇಲ್ಲ. ಎರಡು ಕಡೆಗೂ ‘-ಇಗೆ’, ‘-ಗೆ’. ನನಗೂ ಬದನೆಕಾಯಿಗೂ ಆಗಲ್ಲ ಅಂದ ಹಾಗೆಯೇ. ಬದನೆಕಾಯಿಯದೂ ತಪ್ಪಲ್ಲ, ನನ್ನದೂ ಅಲ್ಲ, ಮೈಗೆ ಒಗ್ಗಲ್ಲ ಅಷ್ಟೇ. ಎರಡು ಮನೆಗಳ ನಡುವಿನ ಹಗೆಯನ್ನೂ ನಾವು ಹೀಗೆ ಪಥ್ಯದ ಮಾತಿನಲ್ಲಿ ಹೇಳಿ ಮುಗಿಸುತ್ತೇವೆ. ಯಾರು ಶುರು ಮಾಡಿದರು, ಯಾವಾಗ, ಯಾಕೆ, ಒಂದೂ ಹೇಳದೆ ದಾಟಿಬಿಡಬಹುದು. ಮಕ್ಕಳು ‘ಯಾಕೆ ಆಗಲ್ಲ?’ ಅಂದರೆ ‘ಆಗಲ್ಲ ಅಂದ್ರೆ ಆಗಲ್ಲ, ಸುಮ್ನಿರು’.

ಆದರೆ ಇದು ಕ್ರಿಯಾಪದ. ಗೆಳೆಯರಿಗೆ ಬೇಕಿದ್ದದ್ದು ನಾಮಪದ. ಆದ್ದರಿಂದ ‘ಹಗೆ’ಯ ಹತ್ತಿರ ಬಂದೆ.

ಹಗೆ ಹಳೆಗನ್ನಡದಲ್ಲಿ ಪಗೆ. ಪಾಲು ಹಾಲಾದ ಹಾಗೆ, ಪೂ ಹೂವಾದ ಹಾಗೆ, ಪಗಲ್ ಹಗಲಾದ ಹಾಗೆ ಪಗೆ ಹಗೆಯಾಯಿತು. ಈ ಪ-ಹ ಬದಲಾವಣೆ ಸುಮಾರು 10ನೇ ಶತಮಾನದಿಂದ ಶುರುವಾಗಿ ನಡುಗನ್ನಡದ ಹೊತ್ತಿಗೆ ಬಹುಪಾಲು ಮುಗಿದಿತ್ತು. ಅಕ್ಕಪಕ್ಕದ ನುಡಿಗಳು ಪಕಾರವನ್ನು ಬಿಡಲಿಲ್ಲ. ತಮಿಳಿನಲ್ಲಿ ಪಗೈ, ಮಲಯಾಳಂನಲ್ಲಿ ಪಗ, ತೆಲುಗಿನಲ್ಲೂ ಪಗ, ತುಳುವಿನಲ್ಲಿ ಪಗೆ. ತಮಿಳಿನ ತಿರುಕ್ಕುರಳಿನಲ್ಲಿ 87, 88, 89ನೇ ಅಧಿಕಾರಗಳು, ಅಂದರೆ ಅಧ್ಯಾಯಗಳು, ಒಂದರ ಹಿಂದೆ ಒಂದು ಪಗೆಯ ಮೇಲೆಯೇ ಇವೆ. ಅದರಲ್ಲಿ 89ನೆಯದರ ಹೆಸರು ಉಟ್ಪಗೈ, ಅಂದರೆ ಒಳಹಗೆ, ಮನೆಯೊಳಗೇ ಇರುವ ಹಗೆ. ಒಂದು ಅಧಿಕಾರಕ್ಕೆ ಎರಡೆರಡು ಸಾಲಿನ ಹತ್ತು ಕುರಳು. ಮೂವತ್ತು ಕುರಳು ಖರ್ಚು ಮಾಡುವಷ್ಟು ವಿಷಯ ಇದರಲ್ಲಿ ಆಗಲೇ ಇತ್ತು.

ಹಳೆಗನ್ನಡದಲ್ಲಿ ಪಗೆ ಅಂದರೆ ಹಗೆತನ ಮಾತ್ರವಲ್ಲ, ಶತ್ರುವೂ ಹೌದು. ಅಂದರೆ ಭಾವಕ್ಕೂ ಆ ಮನುಷ್ಯನಿಗೂ ಒಂದೇ ಪದ. ಈಗಲೂ ‘ಅವನು ನನ್ನ ಹಗೆ’ ಅನ್ನಬಹುದು. ‘ಅವನು ನನ್ನ ದ್ವೇಷ’ ಅನ್ನಲು ಬರಲ್ಲ, ಅಲ್ವಾ? ದ್ವೇಷ ನನ್ನೊಳಗೆ ಇರುವಂಥದ್ದು, ಆಚೆಯವನಿಗೆ ಗೊತ್ತೇ ಇಲ್ಲದಿರಬಹುದು. ಹಗೆಗೆ ಇಬ್ಬರು ಬೇಕು.

ಇಲ್ಲಿ ಒಂದು ಅಡ್ಡದಾರಿ ಹಿಡಿಯುತ್ತೇನೆ. ಧಾರವಾಡದ ಕಡೆಯ ಸ್ನೇಹಿತರೊಬ್ಬರು, ‘ಹಗೆ ಅನ್ನೋದು ನಮ್ಮ ಜೋಳದ ಹಗೆಯಿಂದ ಬಂದದ್ದು ರೀ’ ಅಂತ ಅಡ್ಡಗೋಡೆ ಹಾಕಿದರು. ಹಗೆ, ಹಗೇವು ಅಂದರೆ ನೆಲದೊಳಗಿನ ಧಾನ್ಯದ ಗುಂಡಿ. ಉತ್ತರ ಕರ್ನಾಟಕದಲ್ಲಿ ಜೋಳಕ್ಕೆ, ನಮ್ಮ ಕಡೆ ರಾಗಿಗೆ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಒಳಗೆ ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲೂ ಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಹಾಕಿ ಮಣ್ಣು ಮುಚ್ಚುತ್ತಿದ್ದರು. ರಾಗಿ ಹಾಗೆ ಹತ್ತಾರು ವರ್ಷ ಕೆಡದೆ ಇರುತ್ತಿತ್ತು. ತೆಗೆಯುವಾಗ ಮಾತ್ರ ಜೋಪಾನ. ಬಾಯಿ ತೆರೆದ ತಕ್ಷಣ ಯಾರೂ ಇಳಿಯುತ್ತಿರಲಿಲ್ಲ. ಒಳಗೆ ಕಟ್ಟಿದ ಗಾಳಿಗೆ ಉಸಿರು ಸಿಕ್ಕಿಕೊಂಡು ಸತ್ತವರಿದ್ದಾರೆ. ಹಗ್ಗಕ್ಕೆ ದೀಪ ಕಟ್ಟಿ ಇಳಿಸುವುದು, ದೀಪ ಆರಿದರೆ ಇನ್ನಷ್ಟು ಹೊತ್ತು ಕಾಯುವುದು. ತೆಗೆದ ಕಾಳಿಗೂ ಒಂದು ಮುಗ್ಗಲು ವಾಸನೆ ಇರುತ್ತಿತ್ತು.

‘ಈಗ ಹೇಳ್ರಿ, ದ್ವೇಷ ಅಂದ್ರ ಇದ ಅಲ್ಲೇನು? ಮುಚ್ಚಿಟ್ಟಿರತೀವಿ, ಕೆಡಂಗಿಲ್ಲ, ತೆಗದರ ಜೀವ ಹೊಕ್ಕೈತಿ’ ಅಂದರು ಅವರು.

ಕೇಳಲು ಎಷ್ಟು ಚೆಂದ! ಒಪ್ಪಿಬಿಡೋಣ ಅನ್ನಿಸುತ್ತದೆ. ಆದರೆ ಒಪ್ಪಲಾಗುವುದಿಲ್ಲ. ದ್ವೇಷದ ಪಗೆ ಐದು ನುಡಿಗಳಲ್ಲಿ ಅದೇ ಅರ್ಥದಲ್ಲಿದೆ. ತಮಿಳಿನ ಪಗೈಗೂ ಮಲಯಾಳಂನ ಪಗಕ್ಕೂ ಕಾಳಿನ ಗುಂಡಿಯ ನೆರಳೂ ಇಲ್ಲ. ಅಂದರೆ ಈ ನುಡಿಗಳು ಬೇರೆ ಬೇರೆಯಾಗುವ ಮೊದಲೇ ಪಗೆಗೆ ಹಗೆತನದ ಅರ್ಥ ಇತ್ತು. ಅದಕ್ಕೆ ಅರ್ಥ ಹುಟ್ಟಿಸಲು ಕನ್ನಡ ನೆಲದ ಗುಂಡಿ ಬೇಕಾಗಿರಲಿಲ್ಲ. ಎರಡು ಬೇರೆ ಪದಗಳು ನಡೆಯುತ್ತಾ ನಡೆಯುತ್ತಾ ಒಂದೇ ರೂಪಕ್ಕೆ ಬಂದು ನಿಂತಿವೆ. ಹೋಲಿಕೆ ಕವಿಗೆ ಬೇಕಾದರೆ ಇಟ್ಟುಕೊಳ್ಳಲಿ, ಪದದ ಹುಟ್ಟು ಹೇಳುವಾಗ ಬೇಡ.

ಇನ್ನು ಅರಬ್ಬಿ ಪಾರಸಿ ದಾರಿಯಲ್ಲಿ ಬಂದವು. ನಮ್ಮ ಕಂದಾಯ ಇಲಾಖೆಯ ಕನ್ನಡದಲ್ಲಿ ಇವುಗಳದೇ ಸಂತೆ. ಜಿದ್ದು ಬೇಗ ಮುಗಿಸಬಹುದು. ಅರಬ್ಬಿಯಲ್ಲಿ ‘ಎದುರಾದದ್ದು, ವಿರುದ್ಧವಾದದ್ದು’ ಎಂಬ ಅರ್ಥದ ಪದ. ನಮ್ಮಲ್ಲಿ ಹಠದ ಸ್ಪರ್ಧೆ. ಜಿದ್ದಿಗೆ ಬಿದ್ದು ಹೋಟೆಲು ಕಟ್ಟಬಹುದು, ಜಿದ್ದಿಗೆ ಬಿದ್ದು ಮಕ್ಕಳನ್ನು ಎಂಜಿನಿಯರ್ ಮಾಡಬಹುದು. ಪತ್ರಿಕೆಯವರು ಎಲ್ಲ ಕ್ರಿಕೆಟ್ ಮ್ಯಾಚನ್ನೂ ಜಿದ್ದಾಜಿದ್ದಿ ಮಾಡಿ ಅದರ ಖಾರವನ್ನೇ ತೆಗೆದುಬಿಟ್ಟರು.

ತಕರಾರು ಹಾಗಲ್ಲ. ಈ ಪದದ ಮೂಲ ನೋಡಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅರಬ್ಬಿಯಲ್ಲಿ ತಕ್ರಾರ್ ಅಂದರೆ ಜಗಳವಲ್ಲ. ಹೇಳಿದ್ದನ್ನೇ ಮತ್ತೆ ಹೇಳುವುದು, ಮಾಡಿದ್ದನ್ನೇ ಮತ್ತೆ ಮಾಡುವುದು. ಬರೀ ‘ಪುನರಾವರ್ತನೆ’. ಪಾರಸಿ, ಉರ್ದು ದಾಟಿ ಬರುವಾಗ ಅದೇ ಮಾತು ಮತ್ತೆ ಮತ್ತೆ ಆಡುವುದು ಅನ್ನುವುದರಿಂದ ವಾಗ್ವಾದ ಆಯಿತು. ಮರಾಠಿಯಲ್ಲಿ ದೂರು ಆಯಿತು. ನಮ್ಮಲ್ಲಿ ಆಕ್ಷೇಪಣೆ ಆಗಿ ತಾಲ್ಲೂಕು ಕಚೇರಿಯಲ್ಲಿ ಕೂತಿದೆ. ಖಾತೆ ಬದಲಾವಣೆಗೆ ನೋಟಿಸ್ ಬಂದಾಗ ಆಗದವರು ಹೋಗಿ ತಕರಾರು ಅರ್ಜಿ ಹಾಕುತ್ತಾರೆ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯಲ್ಲಿ ಇಂಥ ತಕರಾರುಗಳಿಗೆ ಬೇರೆಯದೇ ವಹಿ ಇಡಬೇಕೆಂದಿದೆ. ಒಂದು ಮನೆಯವರು ಖಾತೆಗೆ ಹಾಕುವುದು, ಇನ್ನೊಂದು ಮನೆಯವರು ತಕರಾರು ಹಾಕುವುದು. ಆಮೇಲೆ ಸರ್ವೆ, ಹದ್ದುಬಸ್ತು, ಮತ್ತೆ ತಕರಾರು. ನೋಡಿದವರಿಗೆ ಗೊತ್ತು, ಮೂಲದ ಅರ್ಥ ಏನೂ ಕಳೆದುಹೋಗಿಲ್ಲ. ತಗಾದೆಯ ಕಥೆಯೂ ಇಂಥದ್ದೇ. ಅದು ತಕಾಜಾ, ಕೊಟ್ಟ ಸಾಲ ವಾಪಸ್ ಕೇಳುವುದು. ಕೇಳಿ ಕೇಳಿ ಅದೂ ಜಗಳದ ಹೆಸರಾಯಿತು.

ವ್ಯಾಜ್ಯ ಕೋರ್ಟಿನ ಪದ. ಇದರ ಹಿಂದೆ ‘ವ್ಯಾಜ’ ಕಾಣುತ್ತದೆ. ಸಂಸ್ಕೃತದಲ್ಲಿ ವ್ಯಾಜ ಅಂದರೆ ನೆಪ, ಸೋಗು. ನಿರ್ವ್ಯಾಜ ಪ್ರೀತಿ ಅನ್ನುತ್ತೇವಲ್ಲ, ನೆಪವಿಲ್ಲದ ಪ್ರೀತಿ, ಅದೇ ವ್ಯಾಜ. ಮೇಲಿನ ಮನೆಯವರಿಗೂ ನಮಗೂ ಇದ್ದ ವ್ಯಾಜ್ಯ ಒಂದು ಬದುವಿನದು. ಒಂದೂವರೆ ಅಡಿ ಅಗಲ, ಮೇಲೆ ನಾಲ್ಕು ಹೊಂಗೆ ಗಿಡ. ಆ ಬದು ನೆಪ ಅಂತ ಎರಡೂ ಮನೆಯವರಿಗೆ ಗೊತ್ತಿತ್ತು.

ಇವುಗಳ ಜೊತೆಗೆ ಯಾವ ಕ್ರಿಯಾಪದ ಹಾಕುತ್ತೇವೆ ಅನ್ನುವುದನ್ನು ನೋಡತೊಡಗಿದ ಮೇಲೆ ನನಗೆ ಮಜಾ ಬಂತು. ಹಗೆ ಕಟ್ಟಿಕೊಳ್ಳುತ್ತೇವೆ. ಹಗೆ ಸಾಧಿಸುತ್ತೇವೆ, ಸಂಗೀತ ಸಾಧನೆ ಮಾಡಿದ ಹಾಗೆ, ದಿನಾ ಬೆಳಗ್ಗೆ ಎದ್ದು. ಆಮೇಲೆ ಹಗೆ ತೀರಿಸುತ್ತೇವೆ. ಸೇಡು ತೀರಿಸುತ್ತೇವೆ. ಇನ್ನೇನೇನು ತೀರಿಸುತ್ತೇವೆ? ಸಾಲ, ಋಣ, ಹರಕೆ. ತೆಲುಗಿನವರೂ ‘ಪಗ ತೀರ್ಚುಕೊನು’ ಅನ್ನುತ್ತಾರೆ. ಎಲ್ಲಾ ಕೊಡಬೇಕಾದ ಬಾಕಿಗಳು. ಸಾಲದ ಉಳಿಕೆ, ಬೆಂಕಿಯ ಉಳಿಕೆ, ಶತ್ರುವಿನ ಉಳಿಕೆ ಇಟ್ಟುಕೊಳ್ಳಬೇಡ, ಅವು ಮತ್ತೆ ಮತ್ತೆ ಬೆಳೆಯುತ್ತವೆ ಅನ್ನುವ ಸುಭಾಷಿತವೂ ಈ ಮೂರನ್ನು ಒಂದೇ ಸಾಲಿನಲ್ಲಿ ಕೂರಿಸಿದೆ.

ಮುಯ್ಯಿ ಅನ್ನುವ ಪದದಲ್ಲಿ ಈ ಲೆಕ್ಕಾಚಾರ ಬಯಲಿಗೇ ಬಂದಿದೆ. ಮದುವೆಯಲ್ಲಿ ಓದಿಸುವುದು ಮುಯ್ಯಿ. ತಮಿಳಿನಲ್ಲಿ ಮೊಯ್. ಇವತ್ತು ನಾನು ನಿಮ್ಮ ಮಗಳ ಮದುವೆಯಲ್ಲಿ ಕೊಡುವುದು, ನಾಳೆ ನೀವು ನನ್ನ ಮಗನ ಮದುವೆಯಲ್ಲಿ ತಿರುಗಿ ಕೊಡುವುದು. ಗದ್ದೆ ಕೆಲಸಕ್ಕೆ ಇವತ್ತು ನಿಮ್ಮ ಮನೆಗೆ ನಾನು, ನಾಳೆ ನಮ್ಮ ಮನೆಗೆ ನೀವು ಬಂದರೆ ಮುಯ್ಯಾಳು. ಏಟಿಗೆ ಏಟು ಕೊಟ್ಟರೂ ಮುಯ್ಯಿ ತೀರಿಸಿದ ಹಾಗೆ. ಮುಯ್ಯಿಗೆ ಮುಯ್ಯಿ. ಉಡುಗೊರೆಗೂ ಸೇಡಿಗೂ ಒಂದೇ ಪದ ಇಟ್ಟುಕೊಂಡು ನಾವು ಗೊಂದಲವಿಲ್ಲದೆ ಬದುಕುತ್ತಿದ್ದೇವೆ.

ನಮ್ಮ ಮನೆಯ ಅಟ್ಟದಲ್ಲಿ ಒಂದು ಮುಯ್ಯಿ ಪುಸ್ತಕ ಇತ್ತು. ಉದ್ದನೆಯದು, ಕೆಂಪು ಬಟ್ಟೆಯ ಬೆನ್ನು. ಎಡಕ್ಕೆ ಬಂದದ್ದು, ಬಲಕ್ಕೆ ಕೊಟ್ಟದ್ದು. ದೊಡ್ಡತ್ತೆಯ ಮದುವೆಯ ಪುಟದಲ್ಲಿ ಮೇಲಿನ ಮನೆಯ ತಾತನ ಹೆಸರಿದೆ. ಎದುರಿಗೆ 11 ರೂಪಾಯಿ, ಒಂದು ಹಿತ್ತಾಳೆ ಚೊಂಬು. ಅದರ ಬಲಗಡೆ ಖಾಲಿ. ಉಳಿದವರೆಲ್ಲರ ಎದುರಿಗೆ ಏನಾದರೂ ಬರೆದಿದೆ, ಇದೊಂದು ಖಾಲಿ. ಅವರ ಮನೆಯ ಮದುವೆಯ ಹೊತ್ತಿಗೆ ಮಾತು ಬಿಟ್ಟಾಗಿತ್ತು. ಅತ್ತೆಗೆ ಇದನ್ನು ಹೇಳಿದರೆ, ‘ಹೌದು ಕಣೋ, ಆ ಚೊಂಬು ಇನ್ನೂ ಇದೆ, ನಾನೇ ತುಳಸಿಗೆ ನೀರು ಹಾಕ್ತೀನಿ’ ಅಂದರು.

ವೈರದ ಕಡೆಗೂ ಹೋಗಿ ಬಂದೆ. ವೈರಕ್ಕೆ ಮೂಲ ‘ವೀರ’. ವೀರ ಅಂದರೆ ಮೊದಲಿಗೆ ಗಂಡಸು, ಕಾದುವ ಆಳು. ಒಂದು ಆಳು ಸತ್ತರೆ ಅದರಿಂದ ಹುಟ್ಟುವುದು ವೈರ. ವೇದದ ಸಾಹಿತ್ಯದಲ್ಲಿ ‘ವೈರದೇಯ’ ಅನ್ನುವ ಪದ ಇದೆ, ಕೊಂದ ಆಳಿಗೆ ಬದಲಾಗಿ ಕೊಡಬೇಕಾದದ್ದು. ಆಪಸ್ತಂಬ ಧರ್ಮಸೂತ್ರ ರೇಟೇ ಹಾಕಿದೆ. ಕ್ಷತ್ರಿಯನನ್ನು ಕೊಂದರೆ 1000 ಹಸು, ವೈಶ್ಯನಾದರೆ 100, ಶೂದ್ರನಾದರೆ 10. ಯಾಕೆ ಕೊಡಬೇಕು ಅಂದರೆ ‘ವೈರಯಾತನಾರ್ಥಂ’, ವೈರ ತೀರಲಿ ಅಂತ. ಜೀವಕ್ಕೆ ಜಾತಿ ನೋಡಿ ಬೆಲೆ ಕಟ್ಟಿದ ಆ ಪಟ್ಟಿ ಓದಿದರೆ ಮೈ ಉರಿಯುತ್ತದೆ. ನಮ್ಮ ಚರ್ಚೆಗೆ ಬೇಕಾದದ್ದು ಅದರೊಳಗಿನ ಇನ್ನೊಂದು ಸಂಗತಿ. ಇಲ್ಲೂ ವೈರ ಅಂದರೆ ಕೋಪವಲ್ಲ, ಬಾಕಿ.

ಆಮೇಲೆ ಪಾಣಿನಿ. ವ್ಯಾಕರಣಕ್ಕೂ ಜಗಳಕ್ಕೂ ಏನು ಸಂಬಂಧ ಅನ್ನಬೇಡಿ, ಅಷ್ಟಾಧ್ಯಾಯಿಯಲ್ಲಿ ತೀರದ ಹಗೆಗೆ ಅಂತಲೇ ಒಂದು ಸೂತ್ರ ಇದೆ. 2.4.9, ‘ಯೇಷಾಂ ಚ ವಿರೋಧಃ ಶಾಶ್ವತಿಕಃ’. ಯಾರ ವಿರೋಧ ಶಾಶ್ವತವೋ ಅವರನ್ನು ದ್ವಂದ್ವ ಸಮಾಸ ಮಾಡಿದರೆ ಏಕವಚನ ಬರುತ್ತದೆ. ಹಾವು ಮುಂಗುಸಿ ಸೇರಿ ಅಹಿನಕುಲಂ, ಬೆಕ್ಕು ಇಲಿ ಸೇರಿ ಮಾರ್ಜಾರಮೂಷಕಂ. ಎರಡಲ್ಲ, ಒಂದು. ಇವತ್ತು ಕಚ್ಚಾಡಿ ನಾಳೆ ಸರಿಹೋಗುವವರಿಗೆ ಈ ಸವಲತ್ತು ಇಲ್ಲ, ಅವರು ಇಬ್ಬರಾಗಿಯೇ ಉಳಿಯುತ್ತಾರೆ. ಕನ್ನಡಕ್ಕೆ ಇಂಥ ಸೂತ್ರ ಇಲ್ಲ. ಆದರೆ ಹಾವು ಮುಂಗುಸಿ, ಎಣ್ಣೆ ಸೀಗೇಕಾಯಿ ಅಂತ ನಾವೂ ಒಂದೇ ಉಸಿರಿಗೆ ಹೇಳುತ್ತೇವೆ, ಮಧ್ಯೆ ‘ಮತ್ತು’ ಹಾಕುವುದಿಲ್ಲ.

ಇಷ್ಟು ಹೊತ್ತು ಸುತ್ತಿದ್ದು ನಿಜವಾಗಿ ಒಂದು ಪದದ ಸುತ್ತ. ದಾಯಾದಿ.

ಸಂಸ್ಕೃತದ ದಾಯಾದಕ್ಕೆ ಮೂಲದಲ್ಲಿ ಜಗಳದ ಸೋಂಕೇ ಇಲ್ಲ. ದಾಯ ಅಂದರೆ ಪಿತ್ರಾರ್ಜಿತ ಆಸ್ತಿ. ಅದನ್ನು ತೆಗೆದುಕೊಳ್ಳುವವನು ದಾಯಾದ. ಮಗನೂ ದಾಯಾದನೇ. ಈ ದಾಯ ಅಂದರೆ ಏನು ಅಂತ ಕೂತು ವಿವರಿಸಿದವರು ನಮ್ಮ ನೆಲದವರು. ಕಲ್ಯಾಣದಲ್ಲಿ, ಈಗಿನ ಬಸವಕಲ್ಯಾಣದಲ್ಲಿ, ಚಾಲುಕ್ಯ 6ನೇ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಮಿತಾಕ್ಷರ ಟೀಕೆಯ ಪ್ರಕಾರ, ಒಡೆಯನ ಜೊತೆಗಿನ ಸಂಬಂಧ ಒಂದೇ ಕಾರಣದಿಂದ ಇನ್ನೊಬ್ಬನದಾಗುವ ಸೊತ್ತು ದಾಯ. ದುಡಿದದ್ದರಿಂದಲ್ಲ, ಕೊಂಡದ್ದರಿಂದಲ್ಲ, ಹುಟ್ಟಿದ್ದರಿಂದ. 1810ರಲ್ಲಿ ಇಂಗ್ಲಿಷ್ ವಿದ್ವಾಂಸ ಕೋಲ್‌ಬ್ರೂಕ್ ಅದರಲ್ಲಿ ದಾಯದ ಪಾಲಿನ ಬಗ್ಗೆ ಇರುವ ಭಾಗವನ್ನು ಇಂಗ್ಲಿಷಿಗೆ ತಂದ ಮೇಲೆ ಬ್ರಿಟಿಷ್ ಕೋರ್ಟುಗಳು ಬಂಗಾಳ ಬಿಟ್ಟು ದೇಶದ ಬಹುಪಾಲು ಕಡೆ ಹಿಂದೂ ಮನೆಗಳ ಪಾಲಿನ ತೀರ್ಪನ್ನು ಅದರ ಮೇಲೆ ಕೊಟ್ಟವು. ಎಷ್ಟು ಮನೆಗಳ ಬದು ಈ ಪುಸ್ತಕದ ಮೇಲೆ ನಿಂತಿತ್ತೋ ಯೋಚಿಸಿ.

ಸಂಸ್ಕೃತದ ದಾಯಾದ ಕನ್ನಡಕ್ಕೆ ಬಂದು ದಾಯಾದಿಯಾಗುವಷ್ಟರಲ್ಲಿ ಅರ್ಥ ಒಂದು ಮನೆ ಆಚೆಗೆ ಹೋಯಿತು. ಮಗ ದಾಯಾದಿಯಲ್ಲ, ಅಣ್ಣನ ಮಗ ದಾಯಾದಿ. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಅನ್ನುವ ಗಾದೆಯಲ್ಲಿ ಪದದ ಇಡೀ ಚರಿತ್ರೆ ಇದೆ. ಅಣ್ಣತಮ್ಮ ಅನ್ನುವುದು ರಕ್ತದ ಲೆಕ್ಕ, ದಾಯಾದಿ ಅನ್ನುವುದು ಪಾಲಿನ ಲೆಕ್ಕ. ಇಬ್ಬರು ಮನುಷ್ಯರು ಅವರೇ. ಮಧ್ಯೆ ಒಂದು ಪಹಣಿ ಬಂದಿದೆ. ಭಾರತ ಪಾಕಿಸ್ತಾನ ಮ್ಯಾಚಿಗೆ ನಮ್ಮ ಪತ್ರಿಕೆಗಳು ‘ದಾಯಾದಿಗಳ ಕದನ’ ಅಂತ ತಲೆಬರಹ ಕೊಡುತ್ತವಲ್ಲ, ಅದು ಸುಮ್ನೆ ಅಲಂಕಾರವಲ್ಲ. ಒಂದು ಮನೆ ಪಾಲಾದದ್ದು ಅದರಲ್ಲಿದೆ. ಆಸ್ಟ್ರೇಲಿಯಾ ಜೊತೆ ಎಷ್ಟೇ ಜಿದ್ದಾಜಿದ್ದಿ ಇದ್ದರೂ ಅವರು ದಾಯಾದಿ ಆಗಲಾರರು.

ಇನ್ನೊಂದು ಮಾತು. ಈ ಪದ ಬಹಳ ಕಾಲ ಗಂಡಸರ ಪದವಾಗಿತ್ತು. ಕರ್ನಾಟಕದಲ್ಲಿ 1994ರಲ್ಲಿ, ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. ಪಾಲು ತೆಗೆದುಕೊಳ್ಳುವವರು ದಾಯಾದರು ಅನ್ನುವುದಾದರೆ ಈಗ ಅಕ್ಕತಂಗಿಯರೂ ದಾಯಾದರೇ. ಆದರೂ ‘ಅವಳು ನನ್ನ ದಾಯಾದಿ’ ಅಂತ ಯಾರೂ ಹೇಳಿದ್ದು ನಾನು ಕೇಳಿಲ್ಲ. ಪಾಲು ಕೇಳಿದ ತಂಗಿಗೆ ಊರು ಬೇರೆ ಬೇರೆ ಹೆಸರು ಇಡುತ್ತದೆ. ಅವುಗಳನ್ನು ಇಲ್ಲಿ ಬರೆಯುವುದು ಬೇಡ.

ದಾಯಾದಿಗೆ ಇನ್ನೊಂದು ಮುಖ ಇದೆ, ಅದು ಸೂತಕ. ‘ಹತ್ತು ದಿನದ ದಾಯಾದಿಗಳು’, ‘ಮೂರು ದಿನದ ದಾಯಾದಿಗಳು’ ಅನ್ನುವುದನ್ನು ಕೇಳಿರುತ್ತೀರಿ. ಅವರ ಮನೆಯಲ್ಲಿ ಸಾವಾದರೆ ನಮಗೆ ಎಷ್ಟು ದಿನ ಮೈಲಿಗೆ ಅನ್ನುವುದರ ಮೇಲೆ ನೆಂಟಸ್ತಿಕೆಯ ದೂರ ಅಳೆಯುವುದು. ಮೇಲಿನ ಮನೆಯ ತಾತ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಬೆಳಗಿನ ಜಾವ. ಅವರ ಮನೆಯಿಂದ ಯಾರೂ ಹೇಳಲು ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಅಳು ಕೇಳಿ ಗೊತ್ತಾಯಿತು. ನಮ್ಮ ತಾತ ಎದ್ದು, ಏನೂ ಮಾತಾಡದೆ, ಹಿತ್ತಲಿಗೆ ಹೋಗಿ ತಣ್ಣೀರು ಹೊಯ್ದುಕೊಂಡರು. ಅಜ್ಜಿ ದೇವರ ಮನೆ ಬಾಗಿಲು ಎಳೆದರು. ಹತ್ತು ದಿನ ನಮ್ಮ ಮನೆಯಲ್ಲಿ ಪೂಜೆ ಇಲ್ಲ, ಒಗ್ಗರಣೆ ಇಲ್ಲ. ಮಾತು ಬಿಟ್ಟ ಮನೆಗೆ, ಕೋರ್ಟಿನಲ್ಲಿ ಎದುರು ಪಾರ್ಟಿ ಆದವರಿಗೆ, ಪೂರಾ ಹತ್ತು ದಿನ. ಇನ್ನೊಂದು ಕಡೆಯ ಹೊಲದವರು, ದಿನಾ ನಮ್ಮ ಜೊತೆ ಕಾಫಿ ಕುಡಿಯುತ್ತಿದ್ದವರು ತೀರಿಕೊಂಡಾಗ ತಾತ ಒಂದು ಸ್ನಾನ ಮಾಡಿದ್ದರು ಅಷ್ಟೇ.

ಗೆಳೆಯರಿಗೆ ಇದನ್ನೆಲ್ಲ ಹೇಳಿ ‘ದಾಯಾದಿ ಹಗೆ’ ಅಂತ ಹಾಕಿ ಅಂದೆ. ಅವರು ಒಪ್ಪಲಿಲ್ಲ. ಕಥೆಯಲ್ಲಿ ಎರಡು ಬೇರೆ ಬೇರೆ ಮನೆತನ, ನೆಂಟಸ್ತಿಕೆಯೇ ಇಲ್ಲ. ಸರಿಯಾದ ಮಾತು. ಕುಡಿಪ್ಪಗ ದಾಯಾದಿಗಳಲ್ಲೂ ಇರಬಹುದು, ಹೊರಗಿನವರ ಜೊತೆಗೂ ಇರಬಹುದು. ಉತ್ತರ ಮಲಬಾರಿನ ವೀರರ ಹಾಡುಗಳಾದ ವಡಕ್ಕನ್ ಪಾಟ್ಟುಗಳಲ್ಲಿ ಚೇಕವರು ಅನ್ನುವ ಕಾದಾಳುಗಳು ಅಂಕ ಕಟ್ಟಿ ಹೊಡೆದಾಡಿ ಸಾಯುವುದು ಎಷ್ಟೋ ಸಲ ಯಾರದೋ ಮನೆಯ ವ್ಯಾಜ್ಯಕ್ಕೆ. ಅಂದ ಹಾಗೆ ಆ ‘ಅಂಕ’ ನಮ್ಮದೂ ಹೌದು. ಹಳೆಗನ್ನಡದಲ್ಲಿ ಅಂಕಕಾರ ಅಂದರೆ ಎದುರಾಳಿಯ ಜೊತೆ ಒಬ್ಬನೇ ಕಾದುವ ವೀರ. ಕರಾವಳಿಯಲ್ಲಿ ಕೋಳಿ ಅಂಕ ಇನ್ನೂ ಇದೆ.

ಹಾಗಾದರೆ ಪದಕ್ಕೆ ಪದ ಇಟ್ಟುನೋಡೋಣ ಅಂದುಕೊಂಡೆ. ಮಲಯಾಳಂ, ತಮಿಳಿನ ‘ಕುಡಿ’ಗೆ ಕನ್ನಡದ ನೆಂಟ ‘ಗುಡಿ’. ಗುಡಿಸಲೂ ಅದೇ ಬಳಗದ್ದು. ನಮ್ಮಲ್ಲಿ ಗುಡಿ ದೇವರ ಮನೆಯಾಗಿ ಮೇಲಕ್ಕೆ ಹೋಯಿತು, ಗುಡಿಸಲು ಬಡವರ ಮನೆಯಾಗಿ ಕೆಳಗುಳಿಯಿತು. ‘ಗುಡಿಹಗೆ’ ಅಂದರೆ ಜಾತ್ರೆಯಲ್ಲಿ ಮೊದಲ ತೆಂಗಿನಕಾಯಿ ಯಾರದು ಅಂತ ಆಗುವ ಗಲಾಟೆ ಅಂದುಕೊಳ್ಳುತ್ತಾರೆ. (ಆ ಗಲಾಟೆಗೂ ಒಂದು ಪದ ಬೇಕು, ಅದು ಇನ್ನೊಂದು ದಿನಕ್ಕೆ.) ‘ಕುಡಿಹಗೆ’ ಅಂತಲೇ ಇಟ್ಟುಕೊಂಡರೆ ಕನ್ನಡದಲ್ಲಿ ಕುಡಿ ಅಂದರೆ ಚಿಗುರು, ವಂಶದ ಕುಡಿ. ಚಿಗುರುತ್ತಲೇ ಇರುವ ಹಗೆ. ಅರ್ಥ ತಪ್ಪಿದರೂ ಒಂಥರಾ ಸರಿಹೋಗುತ್ತದೆ. ಆದರೆ ಓದುವವರು ಹಗೆಯನ್ನು ಕುಡಿಯುವುದು ಅಂದುಕೊಂಡರೆ?

ಕೊನೆಗೆ ‘ಮನೆಹಗೆ’ ಅಂತ ಮಾಡಿದೆ. ಸಣ್ಣದು, ಅಚ್ಚಗನ್ನಡ, ಒಳ್ಳೇದಾಯಿತು ಅಂತ ಖುಷಿಯಲ್ಲಿ ಅತ್ತೆಗೆ ಫೋನ್ ಮಾಡಿದೆ. ‘ಅತ್ತೆ, ಮನೆಹಗೆ ಅಂದ್ರೆ ಏನು ಅನ್ಸುತ್ತೆ?’

‘ಪಡಸಾಲೆ ಕೆಳಗೆ ಇತ್ತಲ್ಲ ಅದಾ? ಅದನ್ನ ನಿಮ್ಮ ತಾತ ಮುಚ್ಚಿಸಿದ್ರು. ಅದರಲ್ಲಿ ಇಪ್ಪತ್ತು ಪಲ್ಲ ರಾಗಿ ಹಿಡೀತಿತ್ತು.’

ಧಾರವಾಡದ ಸ್ನೇಹಿತರಿಗೆ ಇದನ್ನು ಇನ್ನೂ ಹೇಳಿಲ್ಲ.

ಸದ್ಯಕ್ಕೆ ಅನುವಾದದಲ್ಲಿ ಗೆಳೆಯರು ನಾಮಪದವನ್ನೇ ಬಿಟ್ಟಿದ್ದಾರೆ. ‘ಆ ಎರಡು ಮನೆಗೂ ಮೂರು ತಲೆಮಾರಿನಿಂದ ಆಗುತ್ತಿರಲಿಲ್ಲ’ ಅಂತ ಬರೆದರು. ಓದಿದೆ, ಎಲ್ಲೂ ತಡೆಯಲಿಲ್ಲ. ಕನ್ನಡದಲ್ಲೇ ಹುಟ್ಟಿದ ವಾಕ್ಯದ ಹಾಗಿದೆ. ಸಮಸ್ಯೆ ಏನೆಂದರೆ, ಮೂಲದಲ್ಲಿ ಕಥೆಯ ಹೆಸರೂ ಕುಡಿಪ್ಪಗವೇ. ಕಥೆಯೊಳಗೆ ‘ಆಗಲ್ಲ’ ನಡೆಯುತ್ತದೆ. ತಲೆಬರಹಕ್ಕೆ ‘ಆಗಲ್ಲ’ ಅಂತ ಹಾಕಿದರೆ ಸರ್ಕಾರಿ ಕಚೇರಿಯ ಕಥೆ ಅಂದುಕೊಂಡಾರು.

ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಕೊಡಗಿನವರು, ಸುಳ್ಯ ಕಾಸರಗೋಡಿನವರು, ಬೀದರ್ ಕಡೆಯವರು, ಚಾಮರಾಜನಗರದವರು, ಮಾತು ಬಿಟ್ಟ ಮನೆಗಳ ನಡುವೆ ಇರುವುದಕ್ಕೆ ನಿಮ್ಮ ಮನೆಗಳಲ್ಲಿ ಏನಂತಾರೆ? ನಿಘಂಟಿನಲ್ಲಿ ಇರುವುದು ಬೇಡ. ನಿಮ್ಮ ಅಜ್ಜಿ ಮಕ್ಕಳಿಗೆ ಕೇಳಿಸಬಾರದು ಅಂತ ದನಿ ತಗ್ಗಿಸಿ ಹೇಳುತ್ತಿದ್ದರಲ್ಲ, ಆ ಪದ.